ಹೊಸ ರೈಫಲ್ಲಿಗೆ ಗುರಿ ಕೂಡಿಸುವುದು

2024ರ ಆಗಸ್ಟ್ 1ರಂದು ನಿಮ್ಮಲ್ಲಿ ಬಹುಪಾಲು ಜನ ಟಿ.ವಿ. ಮುಂದೆ ಕೂತಿದ್ದಿರಿ ಎಂದುಕೊಳ್ಳುತ್ತೇನೆ. ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗ್ ಸ್ಪರ್ಧೆಗಳು ಶಾಟೋರೂ ಎಂಬ ಊರಿನಲ್ಲಿ ನಡೆಯುತ್ತಿದ್ದವು. ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 451.4 ಅಂಕ ಪಡೆದು ಕಂಚಿನ ಪದಕ ಗೆದ್ದರು. ಸೆಂಟ್ರಲ್ ರೈಲ್ವೆಯ ನೌಕರ. 50 ಮೀಟರ್ ರೈಫಲ್ಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬಂದದ್ದು ಅದೇ ಮೊದಲು. ಮಂಡಿಯೂರಿ, ಮಲಗಿ, ನಿಂತು ಹೀಗೆ ಮೂರು ಬಗೆಯಲ್ಲಿ ಹೊಡೆಯಬೇಕಾದ ಈ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಕೇವಲ 10.4 ಮಿಲಿಮೀಟರ್. ಐವತ್ತು ಮೀಟರ್ ದೂರದಲ್ಲಿಟ್ಟ ಒಂದು ಕಾಬೂಲಿ ಕಡಲೆಕಾಳು ಎಂದಿಟ್ಟುಕೊಳ್ಳಿ.

ಪದಕದ ಸುದ್ದಿ ಎಲ್ಲರಿಗೂ ಗೊತ್ತು. ಆದರೆ ಅರ್ಹತಾ ಸುತ್ತು ಶುರುವಾಗುವ ಮುಂಚೆ ಎಲ್ಲ ಸ್ಪರ್ಧಿಗಳಿಗೂ ಹದಿನೈದು ನಿಮಿಷ ಕೊಡುತ್ತಾರಲ್ಲ, ಆ ಹೊತ್ತಿನಲ್ಲಿ ಅವರು ಏನು ಮಾಡುತ್ತಾರೆ ಎಂದು ಗಮನಿಸಿದ್ದೀರಾ? ಲೆಕ್ಕಕ್ಕೆ ಹಿಡಿಯದ ಗುಂಡುಗಳನ್ನು ಹೊಡೆಯುತ್ತಾರೆ. ಪರದೆಯಲ್ಲಿ ಗುಂಡು ಎಲ್ಲಿ ಬಿತ್ತೆಂದು ನೋಡುತ್ತಾರೆ. ಸೈಟಿನ ತಿರುಪನ್ನು ಒಂದೆರಡು ಕಡಿ ಆಚೆ ಈಚೆ ತಿರುಗಿಸುತ್ತಾರೆ. ಮತ್ತೆ ಹೊಡೆಯುತ್ತಾರೆ. ಅಷ್ಟೇ. ಹತ್ತಾರು ವರ್ಷ ಅದೇ ರೈಫಲ್ ಹಿಡಿದವರೂ ದಿನವೂ ಈ ಕೆಲಸ ಮಾಡದೆ ಒಂದು ಅಂಕಕ್ಕೂ ಕೈಹಾಕುವುದಿಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರಿಗೆ ಫೈನಲ್ಲಿಗೆ ಮುನ್ನ ತಮ್ಮ ಏರ್ ರೈಫಲ್ಲಿನ ಸೈಟ್ ಕದಲಿಹೋಗಿದೆ ಎಂದು ತಿಳಿದದ್ದು ಇಂಥ ಅಭ್ಯಾಸದ ಹೊಡೆತದಲ್ಲೇ. ತಿರುಪು ಸರಿಮಾಡಿಕೊಂಡು ಚಿನ್ನ ಗೆದ್ದರು.

ಹಾಗಿದ್ದ ಮೇಲೆ ಅಂಗಡಿಯಿಂದ ಆಗಷ್ಟೇ ಬಂದ, ಯಾರ ಕೈಗೂ ಪಳಗದ ಹೊಸ ರೈಫಲ್ಲಿನ ಮಾತೇನು? ಇದನ್ನು ಸಂಘದ ಪತ್ರಿಕೆಯಲ್ಲಿ ಯಾಕೆ ಬರೆಯುತ್ತಿದ್ದೀರಿ ಎಂದು ನಿಮ್ಮ ಅಪ್ಪ ಅಮ್ಮ ಕೇಳಬಹುದು. ಕಾರಣ ಇದೆ. ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಕಾಲೇಜಿನ ಎನ್.ಸಿ.ಸಿ.ಯಲ್ಲಿ .22 ರೈಫಲ್ ಹಿಡಿದಿದ್ದೀರಿ. ಕೆಲವರು ಬಾಲೇವಾಡಿಗೋ ವರಳಿಗೋ ಹೋಗಿ ಶೂಟಿಂಗ್ ಕಲಿಯುತ್ತಿದ್ದೀರಿ. ಇನ್ನು ಕೊಡಗಿನ ಮನೆತನದವರಿಗಂತೂ ಊರಿಗೆ ಹೋದಾಗ ದೇವರ ಕೋಣೆಯ ಪಕ್ಕದಲ್ಲಿ ಗೋಡೆಗೆ ಒರಗಿಸಿದ ಕೋವಿ ಹೊಸದಲ್ಲ. ಕೋವಿ ಎಂದರೆ ಸಿನಿಮಾದಲ್ಲಿ ಕಂಡದ್ದು ಎಂದೇ ತಿಳಿದು ಬೆಳೆದವರು ಅದನ್ನು ಕೈಗೆತ್ತಿಕೊಂಡರೆ ಅಪಾಯ. ಅದು ಹೇಗೆ ಕೆಲಸ ಮಾಡುತ್ತದೆ, ಹೇಗೆ ತಪ್ಪುತ್ತದೆ ಎಂದು ತಿಳಿದವರ ಕೈಯಲ್ಲಿ ಅಪಾಯ ಕಡಿಮೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ರೈಫಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, 21 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವರು ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನಲ್ಲಿ, ನಿಯಮದ ಚೌಕಟ್ಟಿನಲ್ಲಿ, ಹಿರಿಯರ ಕಣ್ಣೆದುರಿಗೆ ಕಲಿಯಬಹುದು. ಒಬ್ಬರ ಬಳಿ ಮೂರು ಬಂದೂಕುಗಳಿಗೆ ಇದ್ದ ಅವಕಾಶವನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಚಪಲಕ್ಕೂ ಅದೇ ತಿದ್ದುಪಡಿ ಎರಡು ವರ್ಷದವರೆಗಿನ ಜೈಲು ಇಟ್ಟಿತು. ಸರಿಯಾಗಿಯೇ ಇಟ್ಟಿತು ಎನ್ನುತ್ತೇನೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 1861ರಿಂದ ಬಂದ ವಿನಾಯಿತಿಯೊಂದಿದೆ. ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ವಿನಾಯಿತಿ ಇರುವುದು ಲೈಸೆನ್ಸಿನಿಂದ, ಹೊಣೆಯಿಂದ ಅಲ್ಲ. ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ಮುಗಿದ ಅಧ್ಯಾಯ. ತೇಜಸ್ವಿಯವರು ಕನ್ನಡಕ್ಕೆ ತಂದ ಕಾರ್ಬೆಟ್, ಆಂಡರ್ಸನ್ ಕಥೆಗಳನ್ನು ಓದಿ ಮೈ ಜುಮ್ಮೆನ್ನಿಸಿಕೊಳ್ಳಿ, ಅಲ್ಲಿಗೆ ಸಾಕು.

ಬೋಲ್ಟ್ ರೈಫಲ್ ಎಂದರೇನು? ಊರಿನ ಹಳೇ ಮನೆಯ ಬಾಗಿಲಿಗೆ ಕಬ್ಬಿಣದ ಚಿಲಕ ಇರುತ್ತಿತ್ತಲ್ಲ, ಹಿಡಿಯನ್ನು ಮೇಲೆತ್ತಿ ಹಿಂದಕ್ಕೆಳೆದರೆ ತೆರೆಯುವುದು, ಮುಂದೆ ತಳ್ಳಿ ಕೆಳಗೆ ಮಡಚಿದರೆ ಭದ್ರವಾಗುವುದು. ಬೋಲ್ಟ್ ಎಂದರೆ ಅದೇ. ಹಿಂದಕ್ಕೆಳೆದಾಗ ಖಾಲಿ ತೋಟೆ ಹೊರಗೆ ಹಾರುತ್ತದೆ. ಮುಂದೆ ತಳ್ಳಿದಾಗ ಹೊಸ ತೋಟೆ ನಳಿಗೆಯ ಬುಡಕ್ಕೆ ಕೂರುತ್ತದೆ. ಕೆಳಗೆ ಮಡಚಿದಾಗ ಬೋಲ್ಟಿನ ಮೇಲಿನ ಉಕ್ಕಿನ ಹಲ್ಲುಗಳು ಗಾಡಿಗೆ ಕೂತು ಬೀಗ ಬೀಳುತ್ತದೆ. 1898ರ ಜರ್ಮನ್ ಮೌಸರಿನಲ್ಲಿ ಈ ಹಲ್ಲುಗಳು ಬೋಲ್ಟಿನ ಮುಂತುದಿಯಲ್ಲಿವೆ. ಬ್ರಿಟಿಷರ ಲೀ-ಎನ್‌ಫೀಲ್ಡಿನಲ್ಲಿ ಹಿಂಬದಿಗೆ. ನಮ್ಮ ಪೊಲೀಸರು ದಶಕಗಟ್ಟಲೆ ಹೆಗಲಿಗೇರಿಸಿದ .303 ಈ ಎರಡನೆಯ ವಂಶದ್ದು.

ನಮ್ಮ ದೇಶದಲ್ಲಿ ಖಾಸಗಿಯವರ ಕೈಗೆ ಹೆಚ್ಚಾಗಿ ಬಂದ ದೊಡ್ಡ ಬೋಲ್ಟ್ ರೈಫಲ್ ಎಂದರೆ .315. ಕೋಲ್ಕತ್ತದ ಹತ್ತಿರದ ಇಶಾಪುರದ ರೈಫಲ್ ಕಾರ್ಖಾನೆಯ ಮಾಲು. ಇದೇಕೆ .303 ಅಲ್ಲ, .315? ಬ್ರಿಟಿಷರ ಕಾಲದಲ್ಲಿ ಸೈನ್ಯದ ಅಳತೆಯ ತೋಟೆ ಹಾಕುವ ಬಂದೂಕು ಪ್ರಜೆಗಳ ಮನೆಯಲ್ಲಿ ಇರಕೂಡದು ಎಂಬ ಕಟ್ಟಳೆ ಇತ್ತು. ಕದ್ದ ಸರ್ಕಾರಿ ತೋಟೆ ಹೊಂದದಂತೆ ಬೇರೆ ಅಳತೆಯ ಬಂದೂಕು ಮಾಡಿದರು. ಬ್ರಿಟಿಷರು ಹೋದರು, ಅಳತೆ ಉಳಿಯಿತು. ಇಶಾಪುರ ಮೊದಲು ಆರ್ಡ್‌ನೆನ್ಸ್ ಫ್ಯಾಕ್ಟರಿ ಬೋರ್ಡಿನ ಕೈಯಲ್ಲಿತ್ತು. 2021ರ ಅಕ್ಟೋಬರಿನಿಂದ ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಎಕ್ವಿಪ್‌ಮೆಂಟ್ ಇಂಡಿಯಾ ಎಂಬ ಸರ್ಕಾರಿ ಕಂಪನಿಗೆ ಸೇರಿತು.

ಈಗ ಹೊಸ ರೈಫಲ್ ಎದುರಿಗಿದೆ ಎಂದುಕೊಳ್ಳಿ. ಮೊದಲ ಕೆಲಸ ಗುಂಡು ಹೊಡೆಯುವುದಲ್ಲ. ಬೋಲ್ಟ್ ತೆಗೆದು ನಳಿಗೆ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡುವುದು. ಅಂಗಡಿಯವನು ನೋಡಿದ್ದಾನೆ, ಅಣ್ಣ ನೋಡಿದ್ದಾನೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಕೈಯಿಂದ ಕೈಗೆ ಹೋದಾಗಲೆಲ್ಲ ಮತ್ತೆ ನೋಡಬೇಕು. ಗುಂಡು ತುಂಬದ ಕೋವಿ ಎಂಬುದು ಜಗತ್ತಿನಲ್ಲೇ ಇಲ್ಲ ಎಂದುಕೊಂಡು ಮೂತಿಯನ್ನು ಯಾರ ಕಡೆಗೂ ತಿರುಗಿಸಬೇಡಿ. ಗುರಿ ಹಿಡಿಯುವ ತನಕ ಬೆರಳು ಕುದುರೆಯ ಮೇಲೆ ಹೋಗಕೂಡದು. ನಿಮಗೆ ಕನ್ನಡದ ಈ ಪದ ಹೊಸದಿರಬಹುದು. ಟ್ರಿಗರ್ ಎಂಬುದಕ್ಕೆ ನಮ್ಮ ಹಳಬರು ಕುದುರೆ ಎನ್ನುತ್ತಿದ್ದರು. ಕುದುರೆ ಎಳೆಯುವುದು ಎಂದರೆ ಅದೇ.

ಎರಡನೆಯದು ಎಣ್ಣೆ. ಕಾರ್ಖಾನೆಯಿಂದ ಬರುವಾಗ ತುಕ್ಕು ಹಿಡಿಯದಿರಲೆಂದು ನಳಿಗೆಯ ಒಳಗೂ ಹೊರಗೂ ಜಿಡ್ಡು ಬಳಿದಿರುತ್ತಾರೆ. ಅದನ್ನು ತೆಗೆಯದೆ ಹೊಡೆದರೆ ಒತ್ತಡ ಏರಬಹುದು. ಗುಂಡಂತೂ ಹೇಳಿದ ಕಡೆ ಹೋಗದು. ಹಳೇ ಪಂಚೆಯನ್ನು ಎರಡಂಗುಲದ ಚೌಕಗಳಾಗಿ ಕತ್ತರಿಸಿಟ್ಟುಕೊಳ್ಳಿ. ಅಂಗಡಿಯ ಪ್ಯಾಚಿಗಿಂತ ಹತ್ತು ಸಲ ಒಗೆದ ಮಲ್ಲು ಪಂಚೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಬೋಲ್ಟ್ ರೈಫಲ್ಲಿನ ದೊಡ್ಡ ಅನುಕೂಲವೆಂದರೆ ಬೋಲ್ಟನ್ನು ಪೂರ್ತಿ ಹೊರಗೆಳೆದು ನಳಿಗೆಯನ್ನು ಹಿಂದಿನಿಂದ ಮುಂದಕ್ಕೆ, ಗುಂಡು ಹೋಗುವ ದಿಕ್ಕಿನಲ್ಲೇ, ಒರೆಸಬಹುದು. ಮೂತಿಯ ಕಡೆಯಿಂದ ಕಡ್ಡಿ ತೂರಿಸಿದರೆ ಮೂತಿಯ ಅಂಚು ಸವೆಯುತ್ತದೆ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವುದು ಆ ಅಂಚನ್ನೇ. ಅದು ಒಂದು ಕಡೆ ಕೊರೆದಿದ್ದರೆ ಉಳಿದದ್ದೆಲ್ಲ ಸರಿ ಇದ್ದೂ ಪ್ರಯೋಜನವಿಲ್ಲ.

ಇನ್ನು ನಳಿಗೆ ಪಳಗಿಸುವ ವಿಚಾರ. ಇಲ್ಲಿ ಬಲ್ಲವರಲ್ಲೇ ಜಗಳವಿದೆ. ಹೊಸ ಚಪ್ಪಲಿ ಕಾಲಿಗೆ ಹೊಂದಲು ನಾಲ್ಕು ದಿನ ಬೇಕಾದ ಹಾಗೆ ಹೊಸ ನಳಿಗೆಗೂ ಬೇಕು ಎನ್ನುವವರು ಒಂದು ಕಡೆ. ಇದೆಲ್ಲ ಗುಂಡು ಮತ್ತು ಎಣ್ಣೆ ಮಾರುವವರ ಕಟ್ಟುಕಥೆ ಎನ್ನುವವರು ಇನ್ನೊಂದು ಕಡೆ. ನಿಜ ಏನೆಂದರೆ, ನಳಿಗೆಯ ಒಳಗೆ ತಿರುಚಿದ ಗೀರುಗಳಿರುತ್ತವೆ. ಗುಂಡನ್ನು ಬುಗುರಿಯಂತೆ ತಿರುಗಿಸುವುದು ಅವೇ. ತೋಟೆ ಕೂರುವ ಗೂಡನ್ನು ಮತ್ತು ಅದರ ಮುಂದಿನ ಗಂಟಲನ್ನು ಕೊನೆಯಲ್ಲಿ ಬೇರೊಂದು ಹತಾರದಿಂದ ಕೊರೆಯುತ್ತಾರೆ. ಆ ಹತಾರ ಬಿಟ್ಟ ಕೂದಲೆಳೆಯ ಗೆರೆಗಳು ಗುಂಡಿನ ದಾರಿಗೆ ಅಡ್ಡಲಾಗಿರುತ್ತವೆ. ತಾಮ್ರದ ಹೊದಿಕೆಯ ಗುಂಡು ಮೊದಮೊದಲು ಅವುಗಳ ಮೇಲೆ ಉಜ್ಜಿ ಹೋಗುವಾಗ ತಾಮ್ರ ಹೆರೆದು ನಳಿಗೆಗೆ ಮೆತ್ತಿಕೊಳ್ಳುತ್ತದೆ. ಗುಂಡು ಹೋದಂತೆಲ್ಲ ಆ ಗೆರೆಗಳು ನಯವಾಗುತ್ತವೆ. ಮೆತ್ತಿದ ತಾಮ್ರವನ್ನು ನಡುನಡುವೆ ತೆಗೆಯುತ್ತಿದ್ದರೆ ನಯವಾಗುವ ಕೆಲಸ ಉಕ್ಕಿನ ಮೇಲೆ ನಡೆಯುತ್ತದೆ, ಇಲ್ಲದಿದ್ದರೆ ತಾಮ್ರದ ಮೇಲೆ ತಾಮ್ರ ಕೂರುತ್ತದೆ. ಪಳಗಿಸುವ ವಾದದ ತಿರುಳು ಇಷ್ಟೇ.

ಅದಕ್ಕೆ ರೂಢಿಯಲ್ಲಿರುವ ವಿಧಾನ: ಒಂದು ಗುಂಡು ಹೊಡೆ, ಒರೆಸು. ಹೀಗೆ ಐದು ಸಲ. ಆಮೇಲೆ ಮೂರು ಗುಂಡಿಗೊಮ್ಮೆ ಒರೆಸು, ಒಂದೆರಡು ಬಾರಿ. ತಾಮ್ರ ಕರಗಿಸುವ ದ್ರಾವಣದಲ್ಲಿ ಅಮೋನಿಯಾ ಇರುತ್ತದೆ. ಅದನ್ನು ಹಾಕಿ ಒರೆಸಿದ ಬಟ್ಟೆ ನೀಲಿ-ಹಸಿರಾಗಿ ಬಂದರೆ ಇನ್ನೂ ತಾಮ್ರ ಇದೆ ಎಂದು ಅರ್ಥ. ನಾಲ್ಕನೆಯ, ಐದನೆಯ ಗುಂಡಿಗೆ ನೀಲಿ ತೆಳುವಾದರೆ ಸಾಕು, ನಿಲ್ಲಿಸಿಬಿಡಿ. ವಿದೇಶದಲ್ಲಿ ಕೆಲವರು ನೂರು ಗುಂಡು ಇದಕ್ಕೇ ಸುಡುತ್ತಾರಂತೆ. ನಮಗೆ ಅದು ಹೊಂದುವ ಮಾತಲ್ಲ. ನಮ್ಮ ಲೈಸೆನ್ಸಿನಲ್ಲಿ ವರ್ಷಕ್ಕೆ ಇಷ್ಟೇ ತೋಟೆ ಎಂದು ಬರೆದಿರುತ್ತದೆ. ರೇಷನ್ ಸಕ್ಕರೆಯ ಹಾಗೆ ಎಣಿಸಿ ಖರ್ಚು ಮಾಡಬೇಕು. ಆದ್ದರಿಂದ ನನ್ನ ಸಲಹೆ, ಪಳಗಿಸುವ ಗುಂಡುಗಳನ್ನೇ ಗುರಿ ಕೂಡಿಸುವುದಕ್ಕೂ ಬಳಸಿ. ಒಂದೇ ಕಲ್ಲಿಗೆ ಎರಡು ಹಣ್ಣು. .22 ರೈಫಲ್ಲಿನವರಿಗೆ ಈ ತಾಪತ್ರಯವೇ ಇಲ್ಲ. ಅದರದು ಮೇಣ ಸವರಿದ ಸೀಸದ ಗುಂಡು. ಅಲ್ಲಿ ನಡೆಯುವುದು ಉಲ್ಟಾ. ಚೊಕ್ಕ ಮಾಡಿದ ನಳಿಗೆಯಲ್ಲಿ ಮೊದಲ ಕೆಲವು ಗುಂಡು ಚೆದುರುತ್ತವೆ, ನಳಿಗೆಗೆ ಮೇಣ ಹಿಡಿದ ಮೇಲೆ ಒಂದೇ ಕಡೆ ಕೂಡುತ್ತವೆ. ಅದಕ್ಕೇ .22 ಹಿಡಿದವರು ಮಾತುಮಾತಿಗೆ ಒರೆಸುತ್ತ ಕೂರುವುದಿಲ್ಲ.

ಒಂದು ಸಂಗತಿ ಮರೆಯಬೇಡಿ. ಮೊದಲ ಕೆಲವು ಖಾಲಿ ತೋಟೆಗಳನ್ನು ಎತ್ತಿ ನೋಡಿ. ಕುತ್ತಿಗೆಯಲ್ಲೋ ಬುಡದಲ್ಲೋ ಬಿರುಕು, ಬುಡದ ಹತ್ತಿರ ಸುತ್ತಲೂ ಹೊಳೆಯುವ ಬಳೆಯಂಥ ಗೆರೆ, ತೂತಾದ ಕೇಪು ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಿ ರಿಪೇರಿ ಬಲ್ಲ ಆರ್ಮರರ್ ಕೈಗೆ ಕೊಡಿ. ಬೋಲ್ಟಿಗೂ ತೋಟೆಗೂ ಮಧ್ಯೆ ಇರಬೇಕಾದ ಅಂತರ ಹೆಚ್ಚಾಗಿದೆ ಎಂದು ಅದು ಹೇಳುತ್ತಿರಬಹುದು. ನಿಮ್ಮ ಕೆನ್ನೆ ಬೋಲ್ಟಿನಿಂದ ನಾಲ್ಕು ಬೆರಳು ದೂರದಲ್ಲಿರುತ್ತದೆ ಎಂಬುದು ನೆನಪಿರಲಿ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇಲ್ಲದೆ ಹೊಡೆಯುವುದು ಗಂಡಸುತನವಲ್ಲ. ಹಾಗೆ ಹೊಡೆದ ಹಿರಿಯರಿಗೆ ಈಗ ನಾವು ಎರಡೆರಡು ಸಲ ಕೂಗಿ ಹೇಳಬೇಕಾಗಿದೆ.

ಹಿಡಿಮರವನ್ನೂ ಒಮ್ಮೆ ನೋಡಿ. ತಿರುಪುಗಳೆಲ್ಲ ಬಿಗಿಯಾಗಿರಬೇಕು. ಹೊಸ ರೈಫಲ್ ತಪ್ಪು ಹೊಡೆಯುತ್ತದೆ ಎಂದು ದೂರುವವರಲ್ಲಿ ಅರ್ಧ ಜನರ ರೋಗಕ್ಕೆ ಮದ್ದು ಒಂದು ಸ್ಕ್ರೂಡ್ರೈವರ್. ಮುಂಬಯಿ, ಮಂಗಳೂರು, ಮಡಿಕೇರಿಯ ಮಳೆಗೆ ಮರ ಊದಿಕೊಳ್ಳುತ್ತದೆ. ಊದಿದ ಮರ ನಳಿಗೆಗೆ ಒಂದು ಬದಿಯಿಂದ ತಾಗಿದರೆ ಏಪ್ರಿಲಿನಲ್ಲಿ ಕೂಡಿಸಿದ ಗುರಿ ಜುಲೈಯಲ್ಲಿ ಇರುವುದಿಲ್ಲ. ಹತ್ತು ರೂಪಾಯಿಯ ನೋಟನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಹಿಂದೆ ಮುಂದೆ ಎಳೆದು ನೋಡುವುದು ಹಳೆಯ ಪರೀಕ್ಷೆ. ಸಲೀಸಾಗಿ ಓಡಾಡಿದರೆ ಒಳ್ಳೆಯದು. ಆದರೆ ಲೀ-ಎನ್‌ಫೀಲ್ಡ್ ವಂಶದ ಕೆಲವು ರೈಫಲ್‌ಗಳಲ್ಲಿ ಮರದ ತುದಿ ನಳಿಗೆಯನ್ನು ಕೆಳಗಿನಿಂದ ಒತ್ತಿ ಹಿಡಿಯಬೇಕೆಂದೇ ಮಾಡಿರುತ್ತಾರೆ. ಅಲ್ಲಿ ನೋಟು ತೂರಲಿಲ್ಲವೆಂದು ಉಳಿ ಹಿಡಿದು ಮರ ಕೆತ್ತಲು ಹೋಗಬೇಡಿ.

ಈಗ ಗುರಿ ಕೂಡಿಸುವುದು. ನಿಮ್ಮ ರೈಫಲ್ಲಿನಲ್ಲಿ ಎರಡು ಗೆರೆಗಳಿವೆ ಎಂದು ಊಹಿಸಿ. ಒಂದು ನಿಮ್ಮ ಕಣ್ಣಿನಿಂದ ಸೈಟಿನ ಮೂಲಕ ಗುರಿಗೆ ಹೋಗುವ ನೇರ ಗೆರೆ. ಇನ್ನೊಂದು ನಳಿಗೆಯಿಂದ ಹೊರಟ ಗುಂಡಿನ ದಾರಿ. ಅದು ನೇರವಲ್ಲ. ಮೂತಿಯಿಂದ ಹೊರಬಿದ್ದ ಕ್ಷಣದಿಂದಲೇ ಗುಂಡು ಬೀಳತೊಡಗುತ್ತದೆ, ಕೈಬಿಟ್ಟ ಕಲ್ಲಿನ ಹಾಗೆ. .22 ಗುಂಡಿನ ವೇಗ ಸೆಕೆಂಡಿಗೆ ಸುಮಾರು 325 ಮೀಟರ್. ಐವತ್ತು ಮೀಟರ್ ಹೋಗುವಷ್ಟರಲ್ಲಿ ಅದು ಹನ್ನೆರಡು ಸೆಂಟಿಮೀಟರಿನಷ್ಟು ಕೆಳಗಿಳಿದಿರುತ್ತದೆ. ಆದ್ದರಿಂದ ನಳಿಗೆಯನ್ನು ದೃಷ್ಟಿಯ ಗೆರೆಗೆ ಒಂದಿಷ್ಟೇ ಮೇಲ್ಮುಖವಾಗಿ ಇಟ್ಟು, ಗುಂಡು ಮೇಲೇರಿ ಇಳಿಯುತ್ತ ನಾವು ಹೇಳಿದ ದೂರದಲ್ಲಿ ಆ ಗೆರೆಯನ್ನು ದಾಟುವ ಹಾಗೆ ಮಾಡಬೇಕು. ಗುರಿ ಕೂಡಿಸುವುದು ಎಂದರೆ ಈ ಎರಡು ಗೆರೆಗಳನ್ನು ಒಂದು ದೂರದಲ್ಲಿ ಸಂಧಿಸುವುದು. ಬೇರೆ ದೂರಗಳಲ್ಲಿ ಅವು ಸಾಮಾನ್ಯವಾಗಿ ಸಂಧಿಸುವುದಿಲ್ಲ ಎಂಬುದನ್ನೂ ಸೇರಿಸಿಯೇ ತಿಳಿಯಬೇಕು.

ಮೊದಲು ಗುಂಡಿಲ್ಲದೆ ಶುರು ಮಾಡಿ. ಬೋಲ್ಟ್ ತೆಗೆದು ರೈಫಲ್ಲನ್ನು ಮರಳು ಚೀಲಗಳ ಮೇಲೆ ಅಲುಗದಂತೆ ಕೂರಿಸಿ. ಹಿಂದಿನಿಂದ ನಳಿಗೆಯ ಒಳಗೆ ಕಣ್ಣಿಟ್ಟು ನೋಡಿದರೆ ಕೊಳವೆಯ ತುದಿಯಲ್ಲಿ 25 ಮೀಟರ್ ದೂರದ ಗುರಿಹಲಗೆ ಕಾಣುತ್ತದೆ. ಹಲಗೆಯ ಕಪ್ಪು ಚುಕ್ಕೆ ಕೊಳವೆಯ ನಡುವೆ ಬರುವ ತನಕ ರೈಫಲ್ ಸರಿಸಿ. ಈಗ ರೈಫಲ್ ಮುಟ್ಟದೆ ತಲೆಯೆತ್ತಿ ಸೈಟಿನಲ್ಲಿ ನೋಡಿ. ಸೈಟು ಆ ಚುಕ್ಕೆಯನ್ನೇ ತೋರಿಸುವ ಹಾಗೆ ತಿರುಪು ತಿರುಗಿಸಿ. ಇಷ್ಟು ಮಾಡಿದರೆ ಮೊದಲ ಗುಂಡು ಕಾಗದದ ಮೇಲಾದರೂ ಬೀಳುತ್ತದೆ. ಇದು ಒಂದು ಕಾಸಿನ ಖರ್ಚಿಲ್ಲದ ಕೆಲಸ, ಆದರೂ ಇದನ್ನು ಬಿಟ್ಟು ನೇರ ನೂರು ಮೀಟರಿಗೆ ಹೋಗಿ ಹತ್ತು ತೋಟೆ ಮಣ್ಣಿಗೆ ಹೊಡೆಯುವವರಿಗೆ ಕೊರತೆಯಿಲ್ಲ.

ಆಮೇಲೆ 25 ಮೀಟರಿನಲ್ಲಿ ಹೊಡೆಯಿರಿ. ಮರಳಿನ ಚೀಲ ಹಿಡಿಮರದ ಕೆಳಗಿರಲಿ, ನಳಿಗೆಯ ಕೆಳಗೆ ಬೇಡ. ನಳಿಗೆ ಯಾವುದಕ್ಕೆ ತಾಗಿದರೂ ಅದರ ಕಂಪನ ಬದಲಾಗಿ ಗುಂಡು ಬೇರೆಡೆ ಹೋಗುತ್ತದೆ. ಒಂದೇ ಕಡೆ ಗುರಿಯಿಟ್ಟು ಮೂರು ಗುಂಡು ಹೊಡೆಯಿರಿ. ಮೊದಲ ಗುಂಡು ಎಡಕ್ಕೆ ಬಿದ್ದಿತೆಂದು ಎರಡನೆಯದಕ್ಕೆ ಬಲಕ್ಕೆ ಗುರಿಯಿಡಬೇಡಿ, ತಿರುಪಿಗೂ ಕೈಹಾಕಬೇಡಿ. ಎನ್.ಸಿ.ಸಿ.ಯಲ್ಲಿ 25 ಗಜದ ರೇಂಜಿನಲ್ಲಿ ಉಸ್ತಾದರು ಗ್ರೂಪಿಂಗ್, ಗ್ರೂಪಿಂಗ್ ಎಂದು ಬೊಬ್ಬೆ ಹೊಡೆದದ್ದು ಇದಕ್ಕೇ. ಗುಂಡುಗಳು ಎಲ್ಲಿ ಬಿದ್ದವು ಎಂಬುದು ಆಮೇಲಿನ ಪ್ರಶ್ನೆ, ಒಟ್ಟಿಗೆ ಬಿದ್ದವೇ ಎಂಬುದು ಮೊದಲ ಪ್ರಶ್ನೆ. ಮೂರೂ ಒಂದು ರೂಪಾಯಿ ನಾಣ್ಯದೊಳಗೆ ಕೂತು, ಚುಕ್ಕೆಗೆ ನಾಲ್ಕಂಗುಲ ಎಡಕ್ಕಿದ್ದರೆ ರೈಫಲ್ ಬಂಗಾರದಂಥದು, ಸೈಟ್ ತಿರುಗಿಸಿದರೆ ಮುಗಿಯಿತು. ಒಂದು ಚುಕ್ಕೆಯ ನಡುವೆ, ಇನ್ನೊಂದು ಮೇಲೆ, ಮೂರನೆಯದು ಕಾಗದದ ಮೂಲೆಯಲ್ಲಿ ಇದ್ದರೆ, ನಡುವೆ ಬಿದ್ದದ್ದು ಕಾಕತಾಳೀಯ. ತಿರುಗಿಸಲು ಅಲ್ಲಿ ಏನೂ ಇಲ್ಲ.

ತಿರುಗಿಸುವುದರಲ್ಲೂ ದಿಕ್ಕಿನ ಗೊಂದಲವಾಗುತ್ತದೆ. ಬರಿಯ ಕಬ್ಬಿಣದ ಸೈಟಾದರೆ, ಕಣ್ಣ ಬಳಿಯ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತಲೇ ಸರಿಸಿ. ಮೂತಿಯ ಬಳಿಯದನ್ನು ಅದಕ್ಕೆ ವಿರುದ್ಧ. ಎಷ್ಟು ಸರಿಸಬೇಕು? ಎರಡು ಸೈಟುಗಳ ನಡುವೆ 60 ಸೆಂಟಿಮೀಟರ್ ಇದ್ದರೆ, 25 ಮೀಟರಿನಲ್ಲಿ ಒಂದು ಮಿಲಿಮೀಟರ್ ಸರಿಸಿದ್ದಕ್ಕೆ ಗುಂಡು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು ಜರುಗುತ್ತದೆ. ಸಮರೂಪ ತ್ರಿಕೋನಗಳ ಲೆಕ್ಕ, ನೀವು ಒಂಬತ್ತು ಹತ್ತನೆಯ ಕ್ಲಾಸಿನಲ್ಲಿ ಯಾಕಪ್ಪಾ ಇದು ಎಂದು ಬೈದುಕೊಂಡು ಕಲಿತದ್ದು. ದುರ್ಬೀನಿನ ಸೈಟಾದರೆ ಅದರ ತಿರುಪು ಕಟಕ್ ಕಟಕ್ ಎಂದು ತಿರುಗುತ್ತದೆ. ಬಹುಪಾಲು ದುರ್ಬೀನುಗಳಲ್ಲಿ ಒಂದು ಕಟಕ್ ಎಂದರೆ ಕೋನದ ಒಂದು ಮಿನಿಟಿನ ಕಾಲು ಭಾಗ. ನೂರು ಮೀಟರಿನಲ್ಲಿ ಒಂದು ಮಿನಿಟು 29 ಮಿಲಿಮೀಟರ್, ಹಾಗಾದರೆ ಒಂದು ಕಟಕ್ 7 ಮಿಲಿಮೀಟರ್. ನೂರು ಮೀಟರಿನಲ್ಲಿ ಏಳು ಸೆಂಟಿಮೀಟರ್ ಸರಿಪಡಿಸಲು ಹತ್ತು ಕಟಕ್. ಆದರೆ 25 ಮೀಟರಿನಲ್ಲಿ ಅದೇ ಏಳು ಸೆಂಟಿಮೀಟರಿಗೆ ನಲವತ್ತು ಕಟಕ್ ಬೇಕು. ಹತ್ತಿರದಲ್ಲಿ ಕಂಡ ಚಿಕ್ಕ ತಪ್ಪು ದೂರಕ್ಕೆ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಇದರಿಂದಲೇ ಊಹಿಸಿ.

25 ಮೀಟರಿನಲ್ಲಿ ಸರಿಹೋದ ಮೇಲೆ .22 ಆದರೆ 50ಕ್ಕೆ, ದೊಡ್ಡ ರೈಫಲ್ ಆದರೆ 100ಕ್ಕೆ ಹೋಗಿ. ದುರ್ಬೀನು ನಳಿಗೆಗಿಂತ ಸುಮಾರು ನಾಲ್ಕು ಸೆಂಟಿಮೀಟರ್ ಮೇಲಿರುವುದರಿಂದ, ನೂರು ಮೀಟರಿಗೆ ಕೂಡಿಸಬೇಕೆಂದಿರುವ ವೇಗದ ರೈಫಲ್ 25ರಲ್ಲಿ ಚುಕ್ಕೆಗೆ ಒಂದೂವರೆ ಸೆಂಟಿಮೀಟರ್ ಕೆಳಗೆ ಹೊಡೆದರೆ ತಪ್ಪಲ್ಲ. ಹಾಗೇ ಇರಬೇಕು. ಪೂರ್ತಿ ದೂರದಲ್ಲಿ ಐದೈದು ಗುಂಡಿನ ಗುಂಪು ಹೊಡೆಯಿರಿ, ಗುಂಪಿನ ನಡುವನ್ನು ಪೆನ್ಸಿಲಿನಿಂದ ಗುರುತು ಮಾಡಿ, ಆ ನಡುವಿನಿಂದ ಅಳೆಯಿರಿ. ಐದರ ನಂತರ ನಳಿಗೆ ಮುಟ್ಟಿ ನೋಡಿ. ಬಿಸಿ ದೋಸೆಕಲ್ಲಿನ ಹಾಗಿದ್ದರೆ ಬೋಲ್ಟ್ ತೆರೆದಿಟ್ಟು ಒಂದು ಚಹಾ ಕುಡಿದು ಬನ್ನಿ. ಕಾದ ನಳಿಗೆಯ ಗುಂಡು ನಿಧಾನವಾಗಿ ಒಂದು ಕಡೆಗೆ ಸರಿಯುತ್ತ ಹೋಗುತ್ತದೆ, ನೀವು ಅದರ ಹಿಂದೆ ತಿರುಪು ತಿರುಗಿಸುತ್ತ ಹೋದರೆ ಮಾರನೆಯ ದಿನ ತಣ್ಣನೆಯ ನಳಿಗೆ ಬೇರೆಯೇ ಕಥೆ ಹೇಳುತ್ತದೆ. ಗಾಳಿಯೂ ಹಾಗೆಯೇ. ಮರದ ಎಲೆ ಅಲುಗುವಷ್ಟು ಅಡ್ಡಗಾಳಿ ಸಾಕು, .22 ಗುಂಡು 50 ಮೀಟರಿನಲ್ಲಿ ಒಂದೆರಡು ಸೆಂಟಿಮೀಟರ್ ಪಕ್ಕಕ್ಕೆ ಹೋಗಲು. ಕುಸಾಳೆಯವರ ಕಡಲೆಕಾಳು ನೆನಪಿದೆಯಲ್ಲ? ಗಾಳಿ ಸುಮ್ಮನಿರುವ ಬೆಳಗಿನ ಹೊತ್ತೇ ಈ ಕೆಲಸಕ್ಕೆ ಮೇಲು.

ಗುಂಡುಗಳು ಕೂಡುತ್ತಲೇ ಇಲ್ಲ ಎಂದಾದರೆ? ರೈಫಲ್ಲನ್ನು ಬೈಯುವ ಮೊದಲು ಒಂದು ಪರೀಕ್ಷೆ ಇದೆ. ಇದನ್ನು ಒಬ್ಬರೇ ಮಾಡಲಾಗದು. ಗೆಳೆಯನೊಬ್ಬ ನಿಮಗೆ ಕಾಣದಂತೆ, ಕೆಲವು ಸಲ ನಿಜವಾದ ತೋಟೆ, ಕೆಲವು ಸಲ ಮದ್ದಿಲ್ಲದ ಹುಸಿ ತೋಟೆ ಹಾಕಿಕೊಡಬೇಕು. ನೀವು ಪ್ರತಿ ಸಲವೂ ನಿಜವೆಂದೇ ಹೊಡೆಯಬೇಕು. ಹುಸಿ ತೋಟೆಯ ಮೇಲೆ ಕುದುರೆ ಎಳೆದಾಗ ಟಿಕ್ ಎನ್ನುತ್ತದೆ, ಅದೇ ಕ್ಷಣದಲ್ಲಿ ಮೂತಿ ಕೆಳಕ್ಕೆ ಜಗ್ಗಿದ್ದು ಎಲ್ಲರಿಗೂ ಕಾಣುತ್ತದೆ. ಸದ್ದಿಗೂ ಹೆಗಲಿನ ಗುದ್ದಿಗೂ ಮೈ ಮುಂಚಿತವಾಗಿಯೇ ಹೆದರಿ ಕುಗ್ಗುತ್ತಿದೆ ಎಂದು ಅರ್ಥ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ, ಫೌಜಿನವರಿಗೂ ಆಗುತ್ತದೆ. ಮದ್ದು ಇಷ್ಟೇ: ಮನೆಯಲ್ಲಿ, ಎರಡು ಸಲ ಖಾಲಿ ಎಂದು ನೋಡಿಕೊಂಡು, ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ಗೋಡೆಯ ಚುಕ್ಕೆಗೆ ಗುರಿಯಿಟ್ಟು ಖಾಲಿ ಕುದುರೆ ಎಳೆಯುವ ಅಭ್ಯಾಸ. .22ರಲ್ಲಿ ಹಾಗೆ ಖಾಲಿ ಹೊಡೆದರೆ ಸೂಜಿ ನಳಿಗೆಯ ಅಂಚಿಗೆ ಬಡಿದು ಕೆಡಬಹುದು, ಪ್ಲಾಸ್ಟಿಕ್ಕಿನ ಹುಸಿ ತೋಟೆ ಹಾಕಿಕೊಳ್ಳಿ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಮುಂಬಯಿ ಕಡೆ ಬೆಳಗಿದ ಸುಮಾ ಶಿರೂರ್ ಅವರ ಹೆಸರು ನಿಮಗೆ ಗೊತ್ತಿರಬೇಕು. 2004ರಲ್ಲಿ ಕೌಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಹೊಡೆದವರು, ಆಮೇಲೆ ಅವನಿ ಲೇಖರಾಗೆ ಗುರುವಾದವರು. ಅವನಿ ಗಾಲಿಕುರ್ಚಿಯಲ್ಲಿ ಕುಳಿತೇ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ, 2021ರಲ್ಲಿ, ಏರ್ ರೈಫಲ್ಲಿನಲ್ಲಿ ಚಿನ್ನವನ್ನೂ 50 ಮೀಟರ್ ಮೂರು ಭಂಗಿಯಲ್ಲಿ ಕಂಚನ್ನೂ ತಂದರು. ಏರ್ ರೈಫಲ್ಲಿನ ಅಭ್ಯಾಸ ಕುದುರೆಯ ಬೆರಳನ್ನು ಪಳಗಿಸಿದ ಹಾಗೆ ಬೇರೆ ಯಾವುದೂ ಪಳಗಿಸದು. ಹೊಸಬರು ಅಲ್ಲಿಂದಲೇ ಶುರು ಮಾಡುವುದು ಒಳ್ಳೆಯದು.

ಒಂದು ನೋಟುಬುಕ್ಕು ಇಡಿ. ತಾರೀಖು, ದೂರ, ತೋಟೆಯ ಪೆಟ್ಟಿಗೆಯ ಮೇಲಿನ ಲಾಟ್ ನಂಬರು, ಗಾಳಿ, ತಿರುಪಿನ ಕಟಕ್ ಲೆಕ್ಕ, ಗುಂಪಿನ ಅಗಲ. ನಮ್ಮಜ್ಜಂದಿರು ಅಡಿಕೆ ಲೆಕ್ಕ ಬರೆಯುತ್ತಿದ್ದ ಹಾಗೆ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು, ಮುಖ್ಯವಾಗಿ .22ರಲ್ಲಿ. ಎಣ್ಣೆ ಹಚ್ಚಿಟ್ಟ ನಳಿಗೆಯ ಮೊದಲ ಗುಂಡು ಎಲ್ಲಿ ಹೋಗುತ್ತದೆ ಎಂಬುದನ್ನೂ ಬೇರೆಯಾಗಿ ಬರೆದಿಡಿ. ತೋಟದಲ್ಲಿ ಬೆಳೆ ಕಾಯುವವರಿಗೆ ಇದು ಅಂಕದ ಪ್ರಶ್ನೆಯೇ ಅಲ್ಲ. ಅವರಿಗೆ ಸಿಗುವುದು ಆ ಒಂದೇ ಗುಂಡು. ಅದು ಹೇಳಿದ ಕಡೆ ಹೋಗದಿದ್ದರೆ ಬೇಲಿಯಾಚೆ ದಾರಿ ಇದೆ, ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದಾರೆ. ಚಿಕ್ಕದೆಂದು ನಗುವ .22 ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ದೊಡ್ಡ ರೈಫಲ್ಲಿನದು ನಾಲ್ಕೈದು ಕಿಲೋಮೀಟರ್. ಹಿಂದೆ ಮಣ್ಣಿನ ದಿಬ್ಬ ಇಲ್ಲದ ಕಡೆ ಗುರಿ ಕೂಡಿಸಲು ಹೋಗಲೇಬಾರದು. ಕ್ಲಬ್ಬಿನ ರೇಂಜಿಗೆ ಹೋಗಿ ಎಂದು ನಾನು ಮತ್ತೆ ಮತ್ತೆ ಹೇಳುವುದು ಅದಕ್ಕೇ. ಅಲ್ಲಿ ದಿಬ್ಬವೂ ಇರುತ್ತದೆ, ನಿಲ್ಲಿಸು ಎಂದು ಕೂಗುವ ರೇಂಜ್ ಆಫೀಸರೂ ಇರುತ್ತಾರೆ.

ಕೊಡಗಿನ ಕಡೆಯವರಿಗೆ ಕೊನೆಯದಾಗಿ ಒಂದು ಮಾತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್‌ಗೆ ಊರಿಗೆ ಹೋಗುತ್ತೀರಿ. ನಾಟಿ ಮುಗಿದಿರುತ್ತದೆ, ಆಯುಧಗಳನ್ನೆಲ್ಲ ತೊಳೆದು ದೇವರ ಮುಂದಿಟ್ಟಿರುತ್ತಾರೆ, ಕೋವಿಯ ಮೂತಿಗೆ ತೋಕ್ ಪೂ ಸಿಕ್ಕಿಸಿರುತ್ತಾರೆ. ಪೂಜೆಯಾದ ಮೇಲೆ ಆ ಹೂವನ್ನು ತೆಗೆದಾಯಿತೇ ಎಂದು ನೋಡಿ, ನಳಿಗೆಯೊಳಗೆ ಒಂದು ಎಸಳು ಉಳಿದಿದ್ದರೂ ಒರೆಸಿ ತೆಗೆಯಿರಿ. ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ ಮುಗಿದ ಮೇಲೆ ಮಂದ್‌ನಲ್ಲೋ ಮೈದಾನದಲ್ಲೋ ಮರದ ಎತ್ತರದ ಕೊಂಬೆಗೆ ತೆಂಗಿನಕಾಯಿ ಕಟ್ಟಿ ಹೊಡೆಯುವ ಸ್ಪರ್ಧೆ. ಹಲವೆಡೆ 12 ಬೋರ್ ಕೋವಿಗೆ ಬೇರೆ, .22 ರೈಫಲ್ಲಿಗೆ ಬೇರೆ ವಿಭಾಗ. ಹೊಡೆಯುವ ಮೊದಲು ಏನೂ ಕುಡಿದಿರಬೇಡಿ, ಕುಡಿದ ಮಾವಂದಿರು ಕೋವಿ ಕೇಳಿದರೆ ನಗುನಗುತ್ತ ಬೋಲ್ಟ್ ಕಿಸೆಗೆ ಹಾಕಿಕೊಳ್ಳಿ. ಮರ ಎಷ್ಟು ದೂರ ಎಂದು ಹೆಜ್ಜೆ ಹಾಕಿ ಎಣಿಸಿ, ಅದರ ಹಿಂದೆ ಗುಡ್ಡವಿದೆಯೇ ನೋಡಿ. 50 ಮೀಟರಿಗೆ ಕೂಡಿಸಿದ ದುರ್ಬೀನಿನ .22 ಆದರೆ ಮೂವತ್ತು ಮೀಟರಿನಲ್ಲಿ ಗುಂಡು ಒಂದೂವರೆ ಸೆಂಟಿಮೀಟರ್ ಮೇಲೆ ಬೀಳುತ್ತದೆ. ತೆಂಗಿನಕಾಯಿಗೆ ಅದು ಲೆಕ್ಕಕ್ಕಿಲ್ಲ, ನಡುವಿಗೇ ಗುರಿಯಿಡಿ.